ಸಹಾಯ ಬೇಕು: ಅಮೆರಿಕ ಅಧ್ಯಕ್ಷರು ಒಬ್ರೇ ಒಪ್ಪಂದ ಮುರೀಬಹುದಾ?

ಎಂಎ ಸೆಮಿನಾರ್‌ಗೆ ಅಮೆರಿಕ ಅಧ್ಯಕ್ಷರ ವಿದೇಶಾಂಗ ಅಧಿಕಾರ ಅನ್ನೋ ಟಾಪಿಕ್ ತಗೊಂಡಿದೀನಿ, ಒಂದು ಕಡೆ ಸಿಕ್ಕಾಕೊಂಡಿದೀನಿ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಒಪ್ಪಂದ ಮಾಡ್ಕೊಳ್ಳೋಕೆ ಸೆನೆಟ್‌ನಲ್ಲಿ (ಅಲ್ಲಿನ ಸಂಸತ್ತಿನ ಮೇಲ್ಮನೆ) ಹಾಜರಿರೋರಲ್ಲಿ ಮೂರನೇ ಎರಡರಷ್ಟು ಒಪ್ಪಿಗೆ ಬೇಕು, ಇದು ಸಂವಿಧಾನದ 2ನೇ ವಿಧಿಲೇ ಇದೆ. ಆದ್ರೆ ಒಪ್ಪಂದದಿಂದ ಆಚೆ ಬರೋದು ಯಾರ ಕೈಲಿದೆ ಅಂತ ಎಲ್ಲೂ ಬರ್ದೇ ಇಲ್ಲ! ಅಧ್ಯಕ್ಷ ಕಾರ್ಟರ್ ತೈವಾನ್ ಜೊತೆಗಿದ್ದ 1954ರ ರಕ್ಷಣಾ ಒಪ್ಪಂದನ ಸೆನೆಟ್ ಕೇಳ್ದೇನೇ ಮುಗಿಸೋಕೆ ಹೊರಟ್ರು, ಸೆನೆಟರ್ ಗೋಲ್ಡ್‌ವಾಟರ್ ಕೋರ್ಟಿಗೆ ಹೋದ್ರು, 1979ರಲ್ಲಿ ಸುಪ್ರೀಂ ಕೋರ್ಟ್ ಯಾರು ಸರಿ ಅಂತ ಹೇಳ್ದೇನೇ ಕೇಸ್ ವಜಾ ಮಾಡಿಸ್ತು, ಜಾಣತನ ನೋಡಿ. 2002ರಲ್ಲಿ ಜಾರ್ಜ್ ಡಬ್ಲ್ಯೂ ಬುಷ್ ಕೂಡ ಕ್ಷಿಪಣಿ ನಿರೋಧಕ ಒಪ್ಪಂದದಿಂದ ಹೀಗೇ ಹೊರಬಂದ್ರು. ಇಲ್ಲಿವರೆಗೆ ಓಕೆ.

ತಲೆ ಕೆಟ್ಟಿರೋದು ನೇಟೋ (ಅಮೆರಿಕ, ಯುರೋಪ್ ದೇಶಗಳ ರಕ್ಷಣಾ ಒಕ್ಕೂಟ) ವಿಷ್ಯದಲ್ಲಿ. 2023ರ ಡಿಸೆಂಬರ್‌ನಲ್ಲಿ ಬೈಡನ್ ಸಹಿ ಹಾಕಿದ ರಕ್ಷಣಾ ಕಾಯ್ದೆ ಪ್ರಕಾರ, ಸೆನೆಟ್‌ನ ಮೂರನೇ ಎರಡರಷ್ಟು ಒಪ್ಪಿಗೆ ಇಲ್ಲಾ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮಾಡಿದ ಕಾಯ್ದೆ ಇಲ್ದೆ ಅಧ್ಯಕ್ಷರು ನೇಟೋ ಬಿಡೋ ಹಾಗಿಲ್ಲ. ತೀರ್ಪುಗಳನ್ನೇ ಡೌನ್‌ಲೋಡ್ ಮಾಡಿ ಓದಿದೆ, ಗೊಂದಲ ಇನ್ನೂ ಜಾಸ್ತಿ ಆಯ್ತು. 1952ರ ಉಕ್ಕಿನ ಕಾರ್ಖಾನೆಗಳ ಕೇಸಲ್ಲಿ (ಅಧ್ಯಕ್ಷ ಟ್ರೂಮನ್ ಕಾರ್ಖಾನೆಗಳನ್ನ ಸರ್ಕಾರದ ವಶಕ್ಕೆ ತಗೊಂಡಿದ್ದು) ಸುಪ್ರೀಂ ಕೋರ್ಟ್‌ನ ಜಸ್ಟಿಸ್ ಜಾಕ್ಸನ್, ಕಾಂಗ್ರೆಸ್ ಬೇಡ ಅಂದ ಕೆಲ್ಸ ಮಾಡುವಾಗ ಅಧ್ಯಕ್ಷರ ಬಲ ತೀರಾ ಕಮ್ಮಿ ಅಂತಾರೆ. ಆದ್ರೆ 2015ರ ಜೆರುಸಲೇಂ ಪಾಸ್‌ಪೋರ್ಟ್ ಕೇಸಲ್ಲಿ (ಅಲ್ಲಿ ಹುಟ್ಟಿದೋರು ಕೇಳಿದ್ರೆ ಪಾಸ್‌ಪೋರ್ಟಲ್ಲಿ ಇಸ್ರೇಲ್ ಅಂತ ಬರೀಬೇಕು ಅಂತ ಕಾಂಗ್ರೆಸ್ ಕಾಯ್ದೆ ಮಾಡಿತ್ತು, ಅಧ್ಯಕ್ಷರು ಒಪ್ಲಿಲ್ಲ) ಅದೇ ಪರಿಸ್ಥಿತೀಲಿ ಅಧ್ಯಕ್ಷರೇ ಗೆದ್ರು, ಬೇರೆ ದೇಶಕ್ಕೆ ಮಾನ್ಯತೆ ಕೊಡೋದು ಅವರೊಬ್ಬರ ಅಧಿಕಾರ ಅಂತ. ನಮ್ಮ ಗೈಡ್ ಎರಡೂ ಬರೀರಿ ಅಂತಾರೆ ಅಷ್ಟೇ.

ನನ್ನ ಪ್ರಶ್ನೆ ಇಷ್ಟು: ಒಪ್ಪಂದ ಬಿಡೋದನ್ನ ಮಾನ್ಯತೆ ಕೊಡೋ ತರ ಅಧ್ಯಕ್ಷರೊಬ್ಬರದ್ದೇ ಅಧಿಕಾರ ಅಂತ ವಾದಿಸೋಕೆ ಗಟ್ಟಿ ಆಧಾರ ಇದ್ಯಾ, ಇಲ್ಲಾ ಕಾಂಗ್ರೆಸ್ ಕಾಯ್ದೆ ಮಾಡಿದ್ಮೇಲೆ ಅದ್ರ ಮಾತೇ ನಡೆಯುತ್ತಾ? ಮತ್ತೆ, ಅಧ್ಯಕ್ಷರು ಆ ಕಾಯ್ದೆ ಮೀರಿದ್ರೆ ಕೋರ್ಟಿಗೆ ಹೋಗೋ ಹಕ್ಕು ಯಾರಿಗಿರುತ್ತೆ?