ಮೇನ್ ಲಿಂಕ್ ಸತ್ತರೂ ಸ್ಟ್ಯಾಟಿಕ್ ರೂಟ್ ಯಾಕೆ ಬದಲಾಗಲಿಲ್ಲ?

ಹೊಸ_ಅಡ್ಮಿನ್: ಎರಡು ಆಫೀಸ್, ನಡುವೆ ಎರಡು ಲಿಂಕ್. ಬ್ರ್ಯಾಂಚ್‌ನ ನೆಟ್‌ವರ್ಕ್ 192.168.20.0/24ಕ್ಕೆ ಎರಡು ಸ್ಟ್ಯಾಟಿಕ್ ರೂಟ್ (ಕೈಯಲ್ಲೇ ಬರೆದ ದಾರಿ) ಹಾಕಿದ್ದೇನೆ. ಮೇನ್ 10.0.0.2 ಮೂಲಕ, ಬ್ಯಾಕಪ್ 10.0.1.2 ಮೂಲಕ. ಬ್ಯಾಕಪ್‌ಗೆ ಡಿಸ್ಟೆನ್ಸ್ (ರೂಟ್‌ನ ಆದ್ಯತೆ ಸಂಖ್ಯೆ) 200 ಕೊಟ್ಟಿದ್ದೇನೆ. ನಿನ್ನೆ ಮೇನ್ ಲಿಂಕ್ ಹೋಯ್ತು, ಬ್ಯಾಕಪ್ ಏಳಲೇ ಇಲ್ಲ. ಮಧ್ಯೆ ಪ್ರೊವೈಡರ್ ಸ್ವಿಚ್ ಇದೆ.

ಪಿಂಗ್_ಪುಟ್ಟ: ಆ ಸ್ವಿಚ್‌ನಲ್ಲೇ ಉತ್ತರ ಇದೆ. ನೆಕ್ಸ್ಟ್ ಹಾಪ್ (ದಾರಿಯಲ್ಲಿ ಮುಂದಿನ ರೂಟರ್) ಬದುಕಿದೆಯಾ ಅಂತ ಸ್ಟ್ಯಾಟಿಕ್ ರೂಟ್ ವಿಚಾರಿಸುವುದೇ ಇಲ್ಲ. ನಿಮ್ಮ ಇಂಟರ್‌ಫೇಸ್ (ರೂಟರ್‌ನ ಪೋರ್ಟ್) ಅಪ್ ಇದ್ದರೆ ಸಾಕು, ರೂಟ್ ಟೇಬಲ್‌ನಲ್ಲೇ (ರೂಟರ್‌ನ ದಾರಿ ಪಟ್ಟಿ) ಕೂತಿರುತ್ತದೆ. ಸ್ವಿಚ್‌ಗೆ ಕರೆಂಟ್ ಇರುವವರೆಗೆ ಪೋರ್ಟ್ ಅಪ್. ಆಚೆ ಫೈಬರ್ ತುಂಡಾದದ್ದು ರೂಟರ್‌ಗೆ ಗೊತ್ತಾಗುವುದು ಹೇಗೆ?

ಓಎಸ್‌ಪಿಎಫ್_ಪಕ್ಷ: ಸ್ಟ್ಯಾಟಿಕ್ ಬೇಡ ಅನ್ನೋದು ಇದಕ್ಕೇ. ರೂಟರ್‌ಗಳೇ ಪರಸ್ಪರ ದಾರಿ ತಿಳಿಸಿಕೊಳ್ಳುವ ಪ್ರೋಟೋಕಾಲ್ ಓಎಸ್‌ಪಿಎಫ್. ಈಥರ್ನೆಟ್‌ನಲ್ಲಿ ಅದು 10 ಸೆಕೆಂಡಿಗೊಮ್ಮೆ ಹಲೋ ಸಂದೇಶ ಕಳಿಸುತ್ತದೆ. 40 ಸೆಕೆಂಡ್ ಆಚೆಯಿಂದ ಹಲೋ ಬರದಿದ್ದರೆ ತಾನಾಗೇ ಬ್ಯಾಕಪ್‌ಗೆ ಹೋಗುತ್ತದೆ.

ರಾತ್ರಿಪಾಳಿ: ಒಂದೇ ಬ್ರ್ಯಾಂಚ್‌ಗೆ ಅಷ್ಟೆಲ್ಲ ಯಾಕೆ? ಸಿಸ್ಕೋ ರೂಟರ್ ಆದರೆ ಐಪಿ ಎಸ್‌ಎಲ್‌ಎ (ಲಿಂಕ್ ಪರೀಕ್ಷಿಸುತ್ತಿರುವ ಸೌಲಭ್ಯ) ಇಟ್ಟು 10.0.0.2ಗೆ ಪಿಂಗ್ ಹೊಡೆಯುತ್ತಿರಿ. ಅದನ್ನು ಟ್ರ್ಯಾಕ್‌ಗೆ (ಪಿಂಗ್ ಫಲಿತಾಂಶ ಗಮನಿಸುವ ಸೆಟ್ಟಿಂಗ್) ಕಟ್ಟಿ, ಟ್ರ್ಯಾಕನ್ನು ಮೇನ್ ರೂಟ್‌ಗೆ ಕಟ್ಟಿ. ಪಿಂಗ್ ನಿಂತರೆ ಮೇನ್ ರೂಟ್ ಟೇಬಲ್‌ನಿಂದ ಹೋಗುತ್ತದೆ. ಅದರ ಡಿಸ್ಟೆನ್ಸ್ 1, ಕಡಿಮೆ ಇದ್ದದ್ದೇ ಗೆಲ್ಲೋದು. ಅದು ಜಾಗ ಬಿಟ್ಟಾಗ ಮಾತ್ರ 200ರದ್ದು ಮೇಲೆ ಬರುತ್ತದೆ. ಪಿಂಗನ್ನು ಬ್ರ್ಯಾಂಚ್ ಒಳಗಿನ ಐಪಿಗೆ ಇಡಬೇಡಿ. ಬ್ಯಾಕಪ್ ಎದ್ದ ಕೂಡಲೇ ಅದೇ ದಾರೀಲಿ ಪಿಂಗ್ ತಲುಪಿಬಿಡುತ್ತದೆ. ಆಗ ಸತ್ತ ರೂಟ್ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ.

ಹೊಸ_ಅಡ್ಮಿನ್: ನಮ್ಮ ಕಡೆ ಮಾತ್ರ ಮಾಡಿದರೆ ಸಾಕಾ?

ಪಿಂಗ್_ಪುಟ್ಟ: ಸಾಲದು. ಬ್ರ್ಯಾಂಚ್ ರೂಟರ್‌ಗೂ ತನ್ನದೇ ಟೇಬಲ್ ಇದೆ ಅಲ್ವಾ? ನಿಮ್ಮ ಪ್ಯಾಕೆಟ್ ಬ್ಯಾಕಪ್‌ನಲ್ಲಿ ತಲುಪುತ್ತದೆ, ಆದರೆ ಉತ್ತರವನ್ನು ಅದು ಸತ್ತ ಲಿಂಕ್‌ಗೇ ತಳ್ಳುತ್ತಿರುತ್ತದೆ. ಎರಡೂ ಕಡೆ ಟ್ರ್ಯಾಕಿಂಗ್ ಬೇಕು.

ಓಎಸ್‌ಪಿಎಫ್_ಪಕ್ಷ: ನೋಡಿ, ಎಲ್ಲಾ ಕಡೆ ಕೈಯಲ್ಲೇ ಬರೆಯಬೇಕು. ಇವತ್ತು ಒಂದು ಬ್ರ್ಯಾಂಚ್, ನಾಳೆ ಆರಾದರೆ? ಒಂದು ಸಬ್‌ನೆಟ್ ಸೇರಿಸಿದರೂ ಎಲ್ಲಾ ರೂಟರ್‌ಗೂ ಹೋಗಿ ಸಾಲು ಸೇರಿಸಬೇಕು.

ರಾತ್ರಿಪಾಳಿ: ಆರಾದರೆ ನಾನೂ ಓಎಸ್‌ಪಿಎಫ್ ಅಂತಲೇ ಹೇಳುತ್ತೇನೆ. ಆದರೆ ಆಗ ಹಳೇ ಮೇನ್ ಸ್ಟ್ಯಾಟಿಕ್ ತೆಗೆಯೋದು ಮರೆಯಬೇಡಿ. ಓಎಸ್‌ಪಿಎಫ್ ಡಿಸ್ಟೆನ್ಸ್ 110. ಸ್ಟ್ಯಾಟಿಕ್ ಇರುವವರೆಗೆ ಆ ನೆಟ್‌ವರ್ಕ್‌ಗೆ ಅದರ ಮಾತು ನಡೆಯೋದಿಲ್ಲ. 200ರದ್ದು ಇದ್ದರೆ ತೊಂದರೆ ಇಲ್ಲ.

ಹೊಸ_ಅಡ್ಮಿನ್: ಸದ್ಯಕ್ಕೆ ಟ್ರ್ಯಾಕಿಂಗ್ ಹಾಕ್ತೀನಿ. ಶನಿವಾರ ಕೇಬಲ್ ಕಿತ್ತು ಟೆಸ್ಟ್ ಮಾಡ್ತೀನಿ.

ರಾತ್ರಿಪಾಳಿ: ರೂಟರ್ ಕಡೆಯದನ್ನು ಕೀಳಬೇಡಿ, ಇಂಟರ್‌ಫೇಸ್ ಡೌನ್ ಆಗಿ ಟ್ರ್ಯಾಕಿಂಗ್ ಇಲ್ಲದೆಯೂ ಬ್ಯಾಕಪ್ ಏಳುತ್ತದೆ. ಪ್ರೊವೈಡರ್‌ಗೆ ಹೇಳಿ ಸ್ವಿಚ್‌ನ ಆಚೆ ಬದಿಯದನ್ನು ಕೀಳಿಸಿ.