ಪಾಂಡಾ ಕೋರಿ ಮೀನಿನ ಮೀಸೆ ಸವೆಯುತ್ತಿದೆ, ಪದೇ ಪದೇ ಮೇಲೆ ಬರುತ್ತಿವೆ

ಪ್ರಶ್ನೆ: ಎರಡಡಿ ಟ್ಯಾಂಕ್‌ನಲ್ಲಿ ಆರು ಪಾಂಡಾ ಕೋರಿ, ಜೊತೆಗೆ ನಿಯಾನ್ ಟೆಟ್ರಾ ಮೀನುಗಳಿವೆ. ಎರಡು ಕೋರಿಗಳ ಮೀಸೆ ಮೊಂಡಾಗಿದೆ, ಬುಡ ಕೆಂಪಗಿದೆ. ಮಧ್ಯಾಹ್ನ ಆದರೆ ಸಾಕು, ಎಲ್ಲವೂ ಸರ್ರನೆ ಮೇಲೆ ಬಂದು ಗಾಳಿ ನುಂಗುತ್ತವೆ. ನೀರು 29 ಡಿಗ್ರಿ ಇದೆ. ತಳಕ್ಕೆ ಬಣ್ಣದ ಕಲ್ಲು ಹಾಕಿದ್ದೇನೆ. ಅಂಗಡಿಯವರು ಉಪ್ಪು, ಮೆಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿ ಹಾಕಿ ಅಂದರು. ಹಾಕಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೆಥಿಲೀನ್ ಬ್ಲೂ ಫಿಲ್ಟರ್‌ನ ಒಳ್ಳೆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಹಿಕ್ಕೆ, ಕೊಳೆತ ಊಟದಿಂದ ಬರುವ ಅಮೋನಿಯಾ ಎಂಬ ವಿಷವನ್ನು ಕರಗಿಸುವುದು ಅವೇ. ಅವು ಸತ್ತರೆ ಅಮೋನಿಯಾ ಏರಿ ಮೀಸೆ ಇನ್ನೂ ಹಾಳಾಗುತ್ತದೆ.

ಮೊದಲು ಬಿಸಿ ಇಳಿಸಿ. ಪಾಂಡಾ ಪೆರುವಿನ ಉಕಯಾಲಿ ನದಿ ಕಡೆಯ ಮೀನು. ಆಂಡಿಸ್ ಬೆಟ್ಟಗಳಿಂದ ಇಳಿಯುವ ತಂಪು ನೀರು ಅದರದ್ದು. 22ರಿಂದ 25 ಡಿಗ್ರಿ ಅದಕ್ಕೆ ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಅಲ್ವಾ? ಕೋರಿ ಕರುಳಿನಿಂದಲೂ ಉಸಿರಾಡುತ್ತದೆ, ಅದಕ್ಕೇ ಮೇಲೆ ಬಂದು ಗಾಳಿ ನುಂಗುವುದು. ಆಗೊಮ್ಮೆ ಈಗೊಮ್ಮೆ ಬಂದರೆ ಸುಮ್ನೆ ಬಿಡಿ. ಎಲ್ಲವೂ ಬಿಟ್ಟೂ ಬಿಡದೆ ಬರುತ್ತಿದ್ದರೆ ನೀರಿನಲ್ಲಿ ಉಸಿರು ಸಾಲುತ್ತಿಲ್ಲ ಅಂತ ಅರ್ಥ. ಹೀಟರ್ ಆರಿಸಿ. ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಮುಚ್ಚಳದ ಬದಲು ಜಾಲರಿ ಹಾಕಿ ಸಣ್ಣ ಫ್ಯಾನ್ ಇಡಿ.

ಇನ್ನು ಮೀಸೆ. ಮರಳಿನಲ್ಲಿ ಕೋರಿ ತಿನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಿ, ಎಷ್ಟು ಚೆಂದ! ಮೂತಿಯನ್ನು ಕಣ್ಣಿನವರೆಗೂ ತೂರಿಸಿ, ಮರಳನ್ನು ಬಾಯಿಗೆ ಎಳೆದುಕೊಂಡು, ಕಿವಿರಿನಿಂದ ಉದುರಿಸುತ್ತದೆ. ಕಲ್ಲಿನಲ್ಲಿ ಇದು ಆಗುವುದಿಲ್ಲ. ಚೂಪು ಅಂಚು ಮೀಸೆಗೆ ತರಚುತ್ತದೆ. ಅದಕ್ಕಿಂತ ಜಾಸ್ತಿ ಕೆಡುಕು ಸಂದಿಯ ಗಲೀಜಿನದು. ಮಿಕ್ಕ ಊಟ, ಹಿಕ್ಕೆ ಅಲ್ಲೇ ಕೊಳೆತು ಗಾಯಕ್ಕೆ ಸೋಂಕು ಹತ್ತುತ್ತದೆ. ಹಾಗಾಗಿ ಕಲ್ಲು ತೆಗೆದು ಮರಳು ಹಾಕಬೇಕು. ಮೊದಲು ನೀರಿನ ಅಮೋನಿಯಾ ಟೆಸ್ಟ್ ಮಾಡಿ ಹೇಳಿ.

ಪ್ರಶ್ನೆ: ಅಮೋನಿಯಾ 0.5 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅರ್ಧ ಪಾಲು) ತೋರಿಸುತ್ತಿದೆ. ಕಲ್ಲು ಪೂರ್ತಿ ತೆಗೆದರೆ ಅದಕ್ಕೆ ಅಂಟಿದ ಒಳ್ಳೆ ಬ್ಯಾಕ್ಟೀರಿಯಾ ಹೋಗಲ್ವಾ?

ಉತ್ತರ: ಸೊನ್ನೆ ಇರಬೇಕಿತ್ತು. ಇವತ್ತೇ ಮೂರನೇ ಒಂದು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ಎರಡು ದಿನ ಊಟ ಕಡಿಮೆ ಮಾಡಿ.

ಕಲ್ಲನ್ನು ಒಂದೇ ಸಲ ತೆಗೆಯಬೇಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ತೆಗೆಯಿರಿ. ಅದೇ ದಿನ ಫಿಲ್ಟರ್ ಸ್ಪಾಂಜ್ ತೊಳೆಯಬೇಡಿ. ಕಲ್ಲು ತೆಗೆದ ಕಡೆ ಹೊಳೆಯ ಸಣ್ಣ ಮರಳನ್ನು ನೀರು ತಿಳಿಯಾಗುವವರೆಗೂ ತೊಳೆದು ಒಂದಿಂಚು ಹಾಸಿ. ಕಟ್ಟಡದ ಎಂ-ಸ್ಯಾಂಡ್ ಮಾತ್ರ ಬೇಡ, ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು. ಮೀನು ಎತ್ತಬೇಕಾದರೆ ಡಬ್ಬಿಯಲ್ಲಿ ಹಿಡಿಯಿರಿ. ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ.

ಬುಡ ಉಳಿದಿದ್ದರೆ ಮೀಸೆ ನಿಧಾನವಾಗಿ ಮತ್ತೆ ಬೆಳೆಯುತ್ತದೆ. ಬಾಯಿ ಹತ್ತಿರ ಬಿಳಿ ಹತ್ತಿಯಂಥದ್ದು ಕಂಡರೆ ಫೋಟೋ ಹಾಕಿ, ಔಷಧಿ ವಿಷಯ ಆಗ ನೋಡೋಣ.