ಕಾಡುಪಾಪ ಕಣ್ಣಿಗೆ ಬಿದ್ದ ಕೂಡಲೇ ಮಾಯವಾಗುತ್ತದೆ, ಏನು ಮಾಡಲಿ?

ಬೇಲಿಯಂಚು:
ತುಮಕೂರು ಕಡೆಯ ನಮ್ಮ ಹೊಲದ ಬೇಲಿಗಳಲ್ಲಿ ಕಾಡುಪಾಪಗಳಿವೆ (ರಾತ್ರಿ ಓಡಾಡುವ, ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ; ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್). ಕತ್ತಲಾದ ಮೇಲೆ ಅವುಗಳ ಚೂಪು ಸಿಳ್ಳೆ ಚೆನ್ನಾಗಿ ಕೇಳಿಸುತ್ತದೆ. ಒಳ್ಳೆಯ ಟಾರ್ಚ್ ಇದ್ದರೂ ಕಣ್ಣಿನ ಹೊಳಪು ಸಿಗುವುದು ಅಪರೂಪ. ಸಿಕ್ಕರೂ ಮರುಕ್ಷಣ ಮಾಯ. ನನಗೆ ಫೋಟೊ ಬೇಡ, ಅದು ಏನು ತಿನ್ನುತ್ತದೆ, ಹೇಗೆ ಓಡಾಡುತ್ತದೆ ಎಂದು ನೋಡಬೇಕು.

ಜಾಲಿಮರ:
ಟಾರ್ಚನ್ನು ಸೊಂಟದ ಹತ್ತಿರ ಹಿಡಿಯುತ್ತೀರಾ? ಹಾಗಿದ್ದರೆ ಮೊದಲ ತೊಂದರೆ ಅಲ್ಲೇ ಇದೆ. ಕಾಡುಪಾಪದ ಅಕ್ಷಿಪಟಲದ (ಕಣ್ಣಿನ ಒಳಪರದೆಯ) ಹಿಂದಿನ ಪದರ ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಟಾರ್ಚ್ ಸೊಂಟದಲ್ಲಿದ್ದರೆ ಹೊಳಪೂ ಸೊಂಟಕ್ಕೇ ಬರುತ್ತದೆ. ಹಣೆಗೆ ದೀಪ ಕಟ್ಟಿಕೊಳ್ಳಿ, ಇಲ್ಲವೇ ಟಾರ್ಚನ್ನು ಕೆನ್ನೆಗೆ ಒತ್ತಿ ಹಿಡಿಯಿರಿ. ಪೊದೆಯಲ್ಲಿ ಒತ್ತೊತ್ತಾಗಿ ಎರಡು ಕಿತ್ತಳೆಗೆಂಪು ಚುಕ್ಕೆ ಕಂಡರೆ ಬಹುಶಃ ಅದೇ. ನೆಲದ ಮೇಲೆ ಹೊಳೆದರೆ ನತ್ತಿಂಗ ಹಕ್ಕಿ ಇರಬಹುದು. ಹುಲ್ಲಿನಲ್ಲಿ ಸೂಜಿಮೊನೆಯಷ್ಟು ಮಿನುಗುವುದು ಜೇಡ.

ಇನ್ನು ಮಾಯವಾಗುವ ಮಾತು. ಕಾಡುಪಾಪ ನೆಗೆಯುವ ಪ್ರಾಣಿಯಲ್ಲ, ಕೊಂಬೆ ಹಿಡಿದು ಹಿಡಿದೇ ಸಾಗಬೇಕು. ಬಹುಪಾಲು ಅದು ಎಲ್ಲೂ ಹೋಗಿರುವುದಿಲ್ಲ. ಬಿಳಿ ಬೆಳಕಿಗೆ ಮುಖ ತಿರುಗಿಸಿ ಅಲ್ಲಾಡದೆ ಕೂತಿರುತ್ತದೆ. ದೀಪಕ್ಕೆ ಕೆಂಪು ಸೆಲೊಫೇನ್ ಹಾಳೆ ಸುತ್ತಿ, ಕೆಂಪು ಅದರ ಕಣ್ಣನ್ನು ಅಷ್ಟಾಗಿ ಚುಚ್ಚದು. ಹೊಳಪು ಸಿಕ್ಕ ಕೂಡಲೇ ಬೆಳಕನ್ನು ತುಸು ಪಕ್ಕಕ್ಕೆ ಸರಿಸಿ, ಅಂಚಿನ ಬೆಳಕಿನಲ್ಲೇ ನೋಡಿ. ಮುಂದಕ್ಕೆ ಹೆಜ್ಜೆ ಇಡಬೇಡಿ. ಹತ್ತಿರ ಹೋಗುವ ಆಸೆಯೇ ಎಲ್ಲರ ಕೆಲಸ ಕೆಡಿಸುವುದು; ಬೈನಾಕ್ಯುಲರ್ ಇರುವುದು ಮತ್ಯಾತಕ್ಕೆ?

ಬೇಲಿಯಂಚು:
ಕೆಂಪು ಹಾಳೆ ಕೆಲಸ ಮಾಡಿತು! ಹಿಂಗಾಲುಗಳಿಂದ ಕೊಂಬೆಯನ್ನು ಭದ್ರವಾಗಿ ಹಿಡಿದು, ಮೈ ಚಾಚಿ, ಎರಡೂ ಕೈಯಲ್ಲಿ ಒಂದು ಹುಳುವನ್ನು ಬಾಚಿಕೊಂಡು ತಲೆಯಿಂದಲೇ ಅಗಿಯತೊಡಗಿತು. ಆಮೇಲೆ ಅಂಗೈಗೆ ಮೂತ್ರ ಬಿಟ್ಟುಕೊಂಡು ಕೈಕಾಲು ಉಜ್ಜಿಕೊಂಡಿತು. ಏನಾದರೂ ಕಾಯಿಲೆಯೇ?

ಜಾಲಿಮರ:
ಕಾಯಿಲೆಯಲ್ಲ, ಅವುಗಳ ವಾಡಿಕೆ. ವಾಸನೆಯ ಗುರುತಿಗಾಗಿ ಎನ್ನುತ್ತಾರೆ. ಇರುವೆಯಂಥ ಕೀಟಗಳ ಉರಿ ತಣಿಸಲು ಎನ್ನುವವರೂ ಇದ್ದಾರೆ. ಇನ್ನು ನೋಡಿದ್ದನ್ನು ಬರೆದಿಡುವ ಮಾತು. ಸ್ವಾರಸ್ಯದ್ದನ್ನಷ್ಟೇ ಬರೆದಿಟ್ಟರೆ ರಾತ್ರಿಯಿಡೀ ಅದನ್ನೇ ಮಾಡುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಐದು ನಿಮಿಷಕ್ಕೊಮ್ಮೆ, ಆ ಕ್ಷಣಕ್ಕೆ ಏನು ನಡೆದಿದೆಯೋ ಅದನ್ನು ಚುಟುಕಾಗಿ ಬರೆಯಿರಿ: ಕೂತಿದೆ, ಸಾಗುತ್ತಿದೆ, ತಿನ್ನುತ್ತಿದೆ, ಕಾಣಿಸುತ್ತಿಲ್ಲ. ಜೊತೆಗೆ ಮರ ಯಾವುದು, ಎಷ್ಟೆತ್ತರ ಎಂಬುದೂ ಇರಲಿ.

ಊರಿನ ಹೆಸರನ್ನು ಮಾತ್ರ ಇಲ್ಲಿ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇದ್ದರೂ ಮಾಟಮಂತ್ರಕ್ಕೆಂದು ಇವುಗಳನ್ನು ಹಿಡಿಯುವವರಿದ್ದಾರೆ. ಅಕ್ಕಪಕ್ಕದ ಹೊಲದವರಿಗೂ ಮೊದಲೇ ತಿಳಿಸಿ. ನಡುರಾತ್ರಿ ಬೇಲಿಯಲ್ಲಿ ಕೆಂಪು ದೀಪ ಕಂಡರೆ ದೊಣ್ಣೆ ಹಿಡಿದೇ ಬಂದಾರು.